ಮನೆ ಎಷ್ಟು ಚಿಕ್ಕದು ಅನ್ನೋದಲ್ಲ, ಯಾವ ನೆಲದ ಮೇಲಿದೆ ಅನ್ನೋದು

ಹೋದ ವಾರ ಮಗ ಮೊಬೈಲಲ್ಲಿ ಒಂದು ಚಿತ್ರ ತೋರಿಸ್ದ. ಕಂಟೈನರ್ ತರದ ಒಂದೇ ರೂಮಿನ ಮನೆ. ಟೈನಿ ಹೋಮ್ ಅಂತಾರಂತೆ. "ಅಪ್ಪಾ, ಮಾವಿನ ತೋಪಿನ ಅಂಚಲ್ಲಿ ಎರಡು ಇಡೋಣ. ಶನಿವಾರ, ಭಾನುವಾರ ಜಯನಗರದವ್ರು ಬಾಡಿಗೆಗೆ ಬರ್ತಾರೆ. ಪಾಯ ಇಲ್ವಲ್ಲ, ಪರ್ಮಿಷನ್ ಬೇಕಾಗಲ್ಲ" ಅಂದ. ನಂಗೆ ಆ ಜಯನಗರದ ಕಡೆಯ ಹಳೇ ಕಥೆನೇ ನೆನಪಾಯ್ತು.

ಅದೂ ನಮ್ಮಂಥೋರ ಹೊಲಾನೇ. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯ್ತು, 1948ರಲ್ಲಿ ಜಯನಗರಕ್ಕೆ ರಾಜಾಜಿ ಅಡಿಗಲ್ಲು ಹಾಕಿದ್ರು. 1976ರ ಕಾಯ್ದೆಯಿಂದ ಬಿಡಿಎ ಬಂತು. ಬಿಟಿಎಂ ಲೇಔಟಿನ ಹೆಸರಲ್ಲೇ ಮೂರು ಊರಿದಾವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಹೊಲ ಲೇಔಟಿಗೆ ಹೋಯ್ತು, ಊರೊಳಗಿನ ಗ್ರಾಮಠಾಣಾ ಉಳೀತು. ಇವತ್ತೂ ಜೆ.ಪಿ. ನಗರದ ನೇರ ರಸ್ತೆ ಬಿಟ್ಟು ಹಳೇ ಸಾರಕ್ಕಿ ಒಳಗೆ ಹೋದ್ರೆ ಓಣಿ ಸಣ್ಣದಾಗೋದು ಅದಕ್ಕೇ.

ಇವೆರಡರ ಮಧ್ಯೆ ಮೂರನೇದು ಒಂದಿದೆ, ರೆವಿನ್ಯೂ ಸೈಟು. ಬೇಸಾಯದ ಜಮೀನಲ್ಲಿ ಬೇರೆ ಕೆಲಸ ಮಾಡ್ಬೇಕಾದ್ರೆ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಡಿಸಿ ಹತ್ರ ಕನ್ವರ್ಷನ್ ಆಗ್ಬೇಕಿತ್ತು. ಅದನ್ನ ಮಾಡಿಸ್ದೆ ಹೊಲಾನ 20x30 ಅಂತ ಕತ್ತರಿಸಿ ಮಾರಿದ್ರು.

ನಮ್ಮ ಚಿಕ್ಕಮ್ಮ ಜೆ.ಪಿ. ನಗರದಾಚೆ ಅಂಥದ್ದೊಂದು ಸೈಟು ತಗೊಂಡು ಶೀಟಿನ ಮನೆ ಕಟ್ಟಿದ್ರು. ಬರೀ 600 ಚದರಡಿ, ನಮ್ಮ ಲೆಕ್ಕದಲ್ಲಿ ಅರ್ಧ ಗುಂಟೆಗಿಂತ ಸ್ವಲ್ಪ ಜಾಸ್ತಿ. 2007ರಲ್ಲಿ ಬಿಬಿಎಂಪಿ ಆಗಿ, ಸುತ್ತಲ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರ್ಕೊಂಡ್ವು. ಚಿಕ್ಕಮ್ಮನ ಮನೆಗೆ ಬಂದಿದ್ದು ಬಿ ಖಾತೆ. ಕಂದಾಯ ಕಟ್ಟಿಸ್ಕೊಂಡ್ರು, ಪ್ಲ್ಯಾನ್ ಸಿಗಲಿಲ್ಲ, ಬ್ಯಾಂಕ್ ಸಾಲಾನೂ ಇಲ್ಲ. ಅಕ್ರಮ-ಸಕ್ರಮ ಬರುತ್ತೆ ಅಂತ ಕಾದ್ರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತಡೆ ಕೊಡ್ತು. ಮಗಳ ಮದುವೆಗೆ ಅಂತ ಮನೆ ಮಾರೋಕೆ ಹೋದಾಗ ಬಂದೋರೆಲ್ಲ ಖಾತೆ ನೋಡಿ ಅರ್ಧ ರೇಟ್ ಕೇಳಿದ್ರು. ಎರಡು ಬೀದಿ ಆಚೆ ಗ್ರಾಮಠಾಣಾದಲ್ಲಿ ಅದಕ್ಕಿಂತ ಸಣ್ಣ ಹೆಂಚಿನ ಮನೆ ಇತ್ತು. ಅದು ಒಳ್ಳೇ ಬೆಲೆಗೇ ಹೋಯ್ತು.

ಕಾನೂನು ಮನೆ ಅಳತೆ ಆಮೇಲೆ ಕೇಳುತ್ತೆ. ಮೊದಲು ಕೇಳೋದು ನೆಲ ಯಾವುದು, ಯಾವ ಕೆಲಸಕ್ಕೆ ಅಂತ.

ಹಂಗಂತ ರೈತನಿಗೆ ದಾರಿ ಇಲ್ಲ ಅಂತಲ್ಲ. ಅದೇ 95ನೇ ಸೆಕ್ಷನ್ನಲ್ಲಿ, ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ ಮಾಡ್ಕೊಳೋಕೆ ನಮಗೆ ಹಕ್ಕಿದೆ. ತೋಟದ ಮನೆನೂ ಕಟ್ಟಬಹುದು, ಹಿಡುವಳಿಯ ಶೇ. 10 ಮೀರಬಾರದು. ಎಕರೆಗೆ 4 ಗುಂಟೆ ಆಯ್ತು. ಆದ್ರೆ ಅದು ನಮ್ಮ ಸ್ವಂತ ಉಪಯೋಗಕ್ಕೆ. ವ್ಯಾಪಾರಕ್ಕೆ ಬಾಡಿಗೆ ಕೊಡಂಗಿಲ್ಲ. ಪಾಯ ಇಲ್ಲ, ಚಕ್ರ ಇದೆ ಅಂದ್ರೂ ಬಾಡಿಗೆ ಬಾಡಿಗೆನೇ.

ಮಗನಿಗೆ ಇಷ್ಟೇ ಹೇಳ್ದೆ: "ಪಂಪ್‌ಸೆಟ್ ಪಕ್ಕ ನಮಗೇ ಒಂದು ಚಿಕ್ಕ ಮನೆ ಇರ್ಲಿ, ರಾತ್ರಿ ನೀರು ಕಟ್ಟೋಕೆ ಅನುಕೂಲ. ಬಾಡಿಗೆ ಆಸೆ ಇದ್ರೆ ಮೊದಲು ಮಾಸ್ಟರ್ ಪ್ಲ್ಯಾನಲ್ಲಿ ನಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ ನೋಡು, ಆಮೇಲೆ ಕನ್ವರ್ಷನ್, ಕೊನೇಗೆ ಕಂಟೈನರ್."

ಮುಖ ಊದಿಸ್ಕೊಂಡು ಹೋದ. ನೆನ್ನೆ ತಾನೇ ಪಹಣಿ ತೆಗೆಸ್ಕೊಂಡು ಬಂದವ್ನೆ. ನೀವೂ ಯಾರಿಗಾದ್ರೂ ಅಡ್ವಾನ್ಸ್ ಕೊಡೋಕೆ ಮುಂಚೆ ನಿಮ್ಮ ಪಹಣಿ ಒಂದ್ಸಲ ತೆಗೆದು ನೋಡ್ಕೊಳ್ಳಿ.