ಬೀಗ ಹಾಕಿದ ಪಟ್ಟು

ನಮ್ಮ ಚಿಕ್ಕಮ್ಮನ ಅಪ್ಪೆಮಿಡಿ ಉಪ್ಪಿನಕಾಯಿಗೆ ನೆಂಟರಿಷ್ಟರಲ್ಲಿ ದೊಡ್ಡ ಹೆಸರಿತ್ತು. ಯಾರು ಕೇಳಿದರೂ ಅವರು ಅಳತೆ ಹೇಳದೆ ಕಳಿಸುತ್ತಿರಲಿಲ್ಲ. ಮಿಡಿ ಇಷ್ಟು, ಉಪ್ಪು ಇಷ್ಟು, ಸಾಸಿವೆ ಇಷ್ಟು ಎಂದು ಬೆರಳು ಮಡಚಿ ಹೇಳುತ್ತಿದ್ದರು. ಆದರೆ ಹಾಗೆ ಹಾಕಿದವರ ಜಾಡಿಯಲ್ಲಿ ಆ ರುಚಿ ಬರುತ್ತಿರಲಿಲ್ಲ. ಏನೋ ಒಂದನ್ನು ಬಿಟ್ಟು ಹೇಳುತ್ತಾರೆಂದು ಎಲ್ಲರಿಗೂ ಅನುಮಾನ. ಕೇಳುವ ಧೈರ್ಯ ಯಾರಿಗೂ ಇಲ್ಲ. ಚಿಕ್ಕಮ್ಮ ತೀರಿಕೊಂಡ ಮೇಲೆ ಅವರ ಸೊಸೆಯೇ ಅಂಗಡಿಯಿಂದ ಉಪ್ಪಿನಕಾಯಿ ತರುವಂತಾಯಿತು. ಗುಟ್ಟು ಉಳಿಯಿತು, ರುಚಿ ಹೋಯಿತು.

ಅಡುಗೆಮನೆಯ ಈ ಮಾತು ಗರಡಿಮನೆಗೂ ಕಂಪ್ಯೂಟರಿನ ಕೋಣೆಗೂ ಅಷ್ಟೇ ಸಲ್ಲುತ್ತದೆ ಎಂದು ನನಗೆ ಮನವರಿಕೆಯಾದದ್ದು ಅಪ್ಪ ಹೋದ ಮೇಲೆ.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೆಳಗಿನ ಜಾವ ಗರಡಿ, ಆಮೇಲೆ ಪಾಳಿ. ನಿವೃತ್ತಿಯಾದ ಮೇಲೆ ಗಾಜನೂರಿಗೆ ಬಂದು ನೆಲೆಸಿದರು. ತುಂಗೆಯ ದಂಡೆಯ ಮೇಲೆ ನಡೆದು ಬಂದು ಜಗಲಿಯಲ್ಲಿ ಕುಳಿತರೆಂದರೆ ಅವರ ಬಾಯಲ್ಲಿ ಮತ್ತೆ ಕುಸ್ತಿಯ ಮಾತೇ. ಅವುಗಳಲ್ಲಿ ಒಂದು ಕತೆಯನ್ನು ಪದೇ ಪದೇ ಹೇಳುತ್ತಿದ್ದರು. ಅವರ ವಸ್ತಾದರು ಶಿಷ್ಯರಿಗೆಲ್ಲ ಪಟ್ಟುಗಳನ್ನು ಕಲಿಸಿ, ಒಂದನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡಿದ್ದರಂತೆ. ಶಿಷ್ಯ ಗುರುವಿಗೇ ತಿರುಗಿ ನಿಂತರೆ ಬೇಕಾದೀತು ಎಂದು. ಈ ಕತೆ ಒಂದು ಗರಡಿಯದಲ್ಲ, ಎಲ್ಲ ಗರಡಿಯದೂ ಹೌದು. ವಸ್ತಾದರು ಹೋದರು, ಪಟ್ಟೂ ಹೋಯಿತು. ಅಪ್ಪ ಕೊನೆಯಲ್ಲಿ ನಕ್ಕು, “ಆ ಪಟ್ಟು ಇತ್ತೋ ಇಲ್ಲವೋ ಯಾರಿಗೆ ಗೊತ್ತಮ್ಮ? ಮಟ್ಟಿಗೆ ಇಳಿಯದ ಪಟ್ಟು ಬರೀ ಬಾಯಿಮಾತು” ಎನ್ನುತ್ತಿದ್ದರು.

ಅದಕ್ಕೇ ಇರಬೇಕು, ತಮಗೆ ಗೊತ್ತಿದ್ದನ್ನೆಲ್ಲ ಬರೆಸಿಡಬೇಕೆಂದು ಹಟ ಹಿಡಿದರು. 1996ರ ಬೇಸಿಗೆ ರಜೆಯಲ್ಲಿ ಅವರು ಹೇಳಿದರು, ನಾನು ಬರೆದುಕೊಂಡೆ. ಧೋಬಿ ಪಛಾಡ್, ಕಲಾಜಂಗ್, ಢಾಕ್, ನಿಕಾಲ್ ಎಂದು ಹೆಸರು ಹೇಳಿ, ಕಾಲೆಲ್ಲಿ, ಕೈಯೆಲ್ಲಿ, ಉಸಿರು ಯಾವಾಗ ಎಂದು ಎದ್ದು ನಿಂತು ತೋರಿಸುತ್ತಿದ್ದರು. ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಎಸೆಯುವ ಕಲಾಜಂಗ್ ಜನರಿಗೆ ಇಷ್ಟ, ಆದರೆ ಸಮಬಲದವನು ಸಿಕ್ಕಿದರೆ ಅದಕ್ಕೆ ಅವಕಾಶ ಸಿಗುವುದು ಅಪರೂಪ. ಕತ್ತಿನ ಹಿಡಿತ, ಕಾಲಿನ ನಿಲುವು, ದಮ್ಮು, ಈ ಮೂರೇ ಕೊನೆಯವರೆಗೆ ಕಾಯುವುದು ಎಂದು ಬರೆಸಿದರು. ಇಷ್ಟೆಲ್ಲ ಬರೆಸಿದವರು ನನಗೆ ಒಂದು ಪಟ್ಟನ್ನೂ ಕಲಿಸಿರಲಿಲ್ಲ. ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ದಾಟಬಾರದೆಂಬುದು ಅವರ ಕಾಲದ ಕಟ್ಟು. ಪೆನ್ನು ಹಿಡಿದ ನನಗೂ ಆಗ ಅದು ತಪ್ಪೆಂದು ತೋರಲಿಲ್ಲ.

ಕುಸ್ತಿಯ ವಿದ್ಯೆಯನ್ನು ಬರೆದಿಡುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ‘ಮಲ್ಲವಿನೋದ’ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸಿಗೂ ಬಲಕ್ಕೂ ತಕ್ಕಂತೆ ವಿಂಗಡಿಸುವ ಬಗೆ, ಅವರ ಆಹಾರ, ಸಾಮು ಎಲ್ಲ ಅಲ್ಲಿವೆ. ಅದೇ ಗ್ರಂಥದಲ್ಲಿ ನಮ್ಮ ದೋಸೆ ಇಡ್ಲಿಗಳ ಪೂರ್ವಜರೂ ಸಿಗುತ್ತಾರೆ. ಅಡುಗೆಯನ್ನೂ ಕುಸ್ತಿಯನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಆ ಅರಸನಿಗೆ ನಮ್ಮ ಚಿಕ್ಕಮ್ಮನ ಬುದ್ಧಿ ಇರಲಿಲ್ಲ, ಪುಣ್ಯ!

ಇನ್ನೊಂದು ದಾರಿಯೂ ನಮ್ಮಲ್ಲೇ ಇದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನೀವು ಟೀವಿಯಲ್ಲಾದರೂ ನೋಡಿರುತ್ತೀರಿ. ಅದು ಜೆಟ್ಟಿ ಮನೆತನಗಳ ವಿದ್ಯೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಸಂಪ್ರದಾಯವಾಗಿ ಅದು ಪೂಜ್ಯವೇ. ಆದರೆ ಮನೆತನದೊಳಗೇ ಉಳಿದ ವಿದ್ಯೆ ಈಗ ವರ್ಷಕ್ಕೊಂದು ದಿನದ ಕೆಲವು ಕ್ಷಣಗಳಾಗಿದೆ. ನಾಡಕುಸ್ತಿಯಾದರೋ ಎಲ್ಲ ಜಾತಿ ಧರ್ಮದ ಹುಡುಗರನ್ನೂ ಮಟ್ಟಿಗೆ ಇಳಿಸಿತು. ಜಾತ್ರೆ ಜಾತ್ರೆಗಳಲ್ಲಿ ಇಂದಿಗೂ ಅಖಾಡ ಸಿದ್ಧವಾಗುತ್ತದೆ.

ಜಪಾನಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕಿದವರು ಜಿಗೊರೊ ಕಾನೊ ಎಂಬ ಮೇಷ್ಟರು. ನನ್ನ ವೃತ್ತಿಯವರೇ ಎಂಬುದು ನನಗೊಂದು ಹೆಮ್ಮೆ. ಅಲ್ಲಿನ ಹಳೆಯ ಜುಜುತ್ಸು ಪಂಥಗಳು ತಮ್ಮ ಪಟ್ಟುಗಳನ್ನು ಗುಟ್ಟಾಗಿಟ್ಟು, ನಂಬಿದ ಶಿಷ್ಯರಿಗಷ್ಟೇ ಸುರುಳಿ ಬರೆದು ಕೊಡುತ್ತಿದ್ದವು. ಕಾನೊ ಅಂಥ ಎರಡು ಪಂಥಗಳಲ್ಲಿ ಕಲಿತು, 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಜೂಡೊ ಶಾಲೆ ತೆರೆದರು. ಪ್ರಾಣಾಪಾಯದ ಪಟ್ಟುಗಳನ್ನು ದಿನದ ಜೋರಿನಿಂದ ಹೊರಗಿಟ್ಟು, ಉಳಿದವನ್ನು ಪೂರ್ತಿ ಬಲ ಹಾಕಿ, ಎದುರಿಸುವ ಜೊತೆಗಾರನ ಮೇಲೆ ದಿನವೂ ಮಾಡಿಸಿದರು. ಕಣ್ಣು ಕೀಳುವ ಭಯಂಕರ ಪಟ್ಟು ಬಲ್ಲವನು ಅದನ್ನು ಯಾರ ಮೇಲೂ ಪ್ರಯೋಗಿಸಿರುವುದಿಲ್ಲ. ಸಾಧಾರಣ ಎಸೆತವನ್ನು ಸಾವಿರ ಸಲ ಎಸೆದವನ ಮುಂದೆ ಅವನು ನಿಲ್ಲಲಾರ. ಅಪ್ಪ ಹೇಳಿದ್ದೂ ಅದನ್ನೇ ಅಲ್ಲವೇ?

ಈಗ ಕಂಪ್ಯೂಟರಿನ ಮಾತಿಗೆ ಬರೋಣ. ತಂತ್ರಾಂಶಕ್ಕೂ ಅಡುಗೆಯಂತೆ ಒಂದು ಬರೆದ ವಿಧಾನವಿರುತ್ತದೆ. ಅದನ್ನು ಮುಚ್ಚಿಟ್ಟು, ಜಾಡಿಯನ್ನಷ್ಟೇ ಮಾರಿದರೆ ಅದು ಒಡೆತನದ ತಂತ್ರಾಂಶ. ವಿಧಾನವನ್ನೂ ಕೊಟ್ಟು, ತಿದ್ದಿ ಹಂಚಿಕೊಳ್ಳಿ ಎಂದರೆ ಅದು ಮುಕ್ತ ತಂತ್ರಾಂಶ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ತಮ್ಮ ಪ್ರಯೋಗಾಲಯದ ಪ್ರಿಂಟರ್ ಕೈಕೊಟ್ಟಾಗ ಅದರ ತಂತ್ರಾಂಶವನ್ನು ಸರಿಪಡಿಸಹೊರಟರು; ಮೂಲ ಬರಹ ಕೊಡಲು ನಿರಾಕರಿಸಿದರು. ಅಂಥ ಅನುಭವಗಳಿಂದ 1983ರಲ್ಲಿ ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಕೊಟ್ಟರು. ನೆರೆಯ ಕೇರಳದ ಶಾಲೆಗಳು 2000ದ ದಶಕದಲ್ಲೇ ಅದರ ಮೇಲೆ ಮಕ್ಕಳಿಗೆ ಪಾಠ ಹೇಳತೊಡಗಿದವು.

ಕನ್ನಡದ ಕಷ್ಟ ಬೇರೆಯದೇ ಆಗಿತ್ತು. ಇಂಗ್ಲಿಷಿಗೆ 26 ಅಕ್ಷರ ಸಾಕು. ನಮಗೆ ತಲೆಕಟ್ಟು, ಕೊಂಬು, ಒತ್ತು ಎಲ್ಲವನ್ನೂ ಬೇರೆ ಬೇರೆ ಚೂರುಗಳಾಗಿ ಮಾಡಿ ಕಂಪ್ಯೂಟರಿನ 256 ಮನೆಗಳಲ್ಲಿ ಜೋಡಿಸಬೇಕಿತ್ತು. ಯಾವ ಚೂರು ಯಾವ ಮನೆಯಲ್ಲಿ ಎಂಬುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಗೊತ್ತು ಮಾಡಿಕೊಂಡಿತು. ಒಬ್ಬರಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಬ್ಬರಲ್ಲಿ ತೆರೆಯದು.

ಈ ಗೊಂದಲದ ನಡುವೆ ಕೆಲವರು ಬೇರೆ ದಾರಿ ಹಿಡಿದರು. ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡದ ಉಚ್ಚಾರಣೆಗೆ ಹೊಂದುವ ಕೀಲಿಮಣೆಯ ವಿನ್ಯಾಸ ಮಾಡಿ, ತನ್ನದೆಂದು ಬೀಗ ಹಾಕದೆ ನಾಡಿಗೆ ಬಿಟ್ಟುಕೊಟ್ಟರು. ಸರ್ಕಾರ ಒಪ್ಪಿಕೊಂಡದ್ದು ಅದನ್ನೇ. ಇಂದು ಕನ್ನಡ ಬೆರಳಚ್ಚು ಮಾಡುವ ಲಕ್ಷಾಂತರ ಬೆರಳುಗಳು ಆಡುವುದು ಅದರ ಮೇಲೆಯೇ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಉಚಿತವಾಗಿ ಮನೆ ಮನೆಗೆ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನಮ್ಮ ಸೀಮೆಯ ಕುಪ್ಪಳಿಯ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿ ದುಡಿದರು. ಇವುಗಳಲ್ಲಿ ಉಚಿತವಾದದ್ದೆಲ್ಲ ಮುಕ್ತವಲ್ಲ ಎಂಬುದನ್ನು ನೆನಪಿಡಬೇಕು. ಪುಕ್ಕಟೆ ಸಿಕ್ಕ ಉಪ್ಪಿನಕಾಯಿಗೂ ವಿಧಾನ ಗುಟ್ಟಾಗಿರಬಹುದು. ಆದರೆ ನುಡಿ ಬಳಸಿದ ಸಂಕೇತಗಳು ಸರ್ಕಾರ ಗೊತ್ತುಪಡಿಸಿದ ಶಿಷ್ಟತೆಯಾದ್ದರಿಂದ ಯಾವ ಚೂರು ಯಾವ ಮನೆಯಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿತ್ತು.

ಅಷ್ಟೊಂದು ಸಣ್ಣ ವಿಷಯದ ಬೆಲೆ ನನಗೆ ತಿಳಿದದ್ದು ಅಪ್ಪನ ಪುಸ್ತಕ ಮುದ್ರಿಸಲು ಹೊರಟಾಗ. ಮೊದಲ ಭಾಗವನ್ನು 1996ರಲ್ಲಿ ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದೆ. ಅಕ್ಷರ ಮುತ್ತಿನಂತೆ ಬಂದಿತ್ತು, ಸುಳ್ಳು ಹೇಳಬಾರದು. ಆದರೆ ಆ ತಂತ್ರಾಂಶಕ್ಕೆ ಡಾಂಗಲ್ ಎಂಬ ಬೀಗವಿತ್ತು. ಅದನ್ನು ಚುಚ್ಚಿದರಷ್ಟೇ ಅದು ತೆರೆಯುವುದು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಡಾಂಗಲ್ ಎಲ್ಲಿ ಹೋಯಿತೋ. ಮಗ ಫ್ಲಾಪಿಯಿಂದ ಹೇಗೋ ಕಡತವನ್ನು ಇಳಿಸಿದ, ಪರದೆಯ ತುಂಬ ಅರ್ಥವಿಲ್ಲದ ಗೀಚು. ಅಚ್ಚಾದ ಪ್ರತಿಯಲ್ಲಿ ಅರ್ಧಕ್ಕೆ ಗೆದ್ದಲು ಹಿಡಿದಿತ್ತು. ನನ್ನ ನೋಟ್‌ಬುಕ್ಕನ್ನು ಟೈಪಾಯಿತಲ್ಲ ಎಂದು ನಾನೇ ಎಂದೋ ರದ್ದಿಗೆ ಹಾಕಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಎದ್ದು ನಿಂತು ಕಾಲಿಟ್ಟು ತೋರಿಸಿದ್ದು ಕಣ್ಣಿಗೆ ಕಟ್ಟುತ್ತಿತ್ತು, ಹೇಳಿದ ಮಾತು ನೆನಪಿಗೆ ಬರುತ್ತಿರಲಿಲ್ಲ.

ಎರಡನೆಯ ಭಾಗವನ್ನು 2004ರಲ್ಲಿ ನಾನೇ ಶಾಲೆಯ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಕುಟ್ಟಿದ್ದೆ. ಅದೂ ಮೊದಲಿಗೆ ಪೌಂಡಿನ ಗುರುತು, ಕೊಂಬಿನ ಗುರುತುಗಳಾಗಿಯೇ ಕಂಡಿತು. ಆದರೆ ಅರವಿಂದ ವಿ.ಕೆ. ಎಂಬ ಕನ್ನಡಿಗರು ಹಳೆಯ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ಸಾಧನ ಮಾಡಿ, ಅದರ ಮೂಲವನ್ನೂ ತೆರೆದಿಟ್ಟಿದ್ದಾರೆ. ಯೂನಿಕೋಡ್ ಎಂದರೆ ಲೋಕದ ಲಿಪಿಗಳಿಗೆಲ್ಲ ಒಂದೇ ಪಟ್ಟಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಮಗ ಒಂದು ಗುಂಡಿ ಒತ್ತಿದ. ಗೀಚಿನ ನಡುವಿನಿಂದ ಅಪ್ಪನ ಮಾತುಗಳು ಒಂದೊಂದಾಗಿ ಎದ್ದು ಕುಳಿತವು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ.

ಬೀಗ ಹಾಕಿದವರನ್ನು ನಾನು ಕಳ್ಳರೆನ್ನಲಾರೆ. ಕನ್ನಡದ ಅಕ್ಷರ ಕೆತ್ತುವುದು ಸಣ್ಣ ಕೆಲಸವಲ್ಲ, ಅವರ ಮನೆಯಲ್ಲೂ ಒಲೆ ಉರಿಯಬೇಕು. ‘ಬರಹ’ವೂ ಮುಂದೆ ಹಣ ಕೊಟ್ಟು ಕೊಳ್ಳುವಂಥದ್ದಾಯಿತು, ದುಡಿದವನು ಕೂಲಿ ಕೇಳಿದರೆ ತಪ್ಪೇನು? ವಸ್ತಾದರಿಗೂ ಹಾಲು ತುಪ್ಪ ಬೇಕು. ಆದರೆ ಕಲಿಸಿದ್ದಕ್ಕೆ ದಕ್ಷಿಣೆ ಪಡೆಯುವುದು ಬೇರೆ, ಒಂದು ಪಟ್ಟನ್ನು ಇಟ್ಟುಕೊಳ್ಳುವುದು ಬೇರೆ. ನಮ್ಮ ಹೊಳೆಯ ಹೆಸರಿನ ‘ತುಂಗಾ’ ಎಂಬ ಕನ್ನಡ ಅಕ್ಷರ 2001ರ ವಿಂಡೋಸಿನೊಡನೆ ಬಂತು. ಅದರ ಒಡೆತನ ಅಮೆರಿಕದ ಕಂಪನಿಯದು. ಇರಲಿ, ಅದರಲ್ಲಿ ಕಾಣುವ ಬರಹವನ್ನು ಯಾರೋ ಕೊಟ್ಟ ಮುಕ್ತ ‘ಗುಬ್ಬಿ’ಯಲ್ಲೂ ‘ನವಿಲು’ವಿನಲ್ಲೂ ಓದಬಹುದು. ಬರೆದವರ ಮಾತು ಸೆರೆಯಾಗದಿದ್ದರೆ ಸಾಕು.

ಮೊದಲ ಭಾಗದಲ್ಲಿ ಉಳಿದಷ್ಟನ್ನು ಗೆದ್ದಲು ಕೊಡವಿ ಮತ್ತೆ ಕುಟ್ಟುತ್ತಿದ್ದೇನೆ. ಕಳೆದ ರಜೆಗೆ ಬಂದ ತಂಗಿಯ ಮಗಳು ಹಾಳೆಗಳನ್ನು ಓದುತ್ತಾ ಕುಳಿತವಳು, ಒಂದು ಪಟ್ಟಿನ ಹತ್ತಿರ ತಟ್ಟನೆ ನಿಂತಳು. ಅವಳು ಜೂಡೊ ಕಲಿಯುತ್ತಾಳೆ. ಕಾನೊ ಅವರ ಶಾಲೆ 1926ರಲ್ಲೇ ಹೆಂಗಸರಿಗೆ ಬೇರೆ ವಿಭಾಗ ತೆರೆದಿತ್ತಂತೆ. “ದೊಡ್ಡಮ್ಮ, ಇದು ನಮ್ಮಲ್ಲೂ ಇದೆ. ಆದರೆ ಅಜ್ಜ ಹೇಳಿದ ಹಾಗೆ ಕಾಲಿಟ್ಟರೆ ಇನ್ನೂ ಸುಲಭ” ಎಂದಳು. ನನ್ನನ್ನೇ ಅಂಗಳಕ್ಕೆ ಎಳೆದುಕೊಂಡು ಹೋಗಿ, ಸೆರಗು ಸಿಕ್ಕಿಸಿಕೊಳ್ಳಲು ಹೇಳಿ, ಕಾಲಿಡುವುದನ್ನು ತೋರಿಸಿದಳು.

ಅಪ್ಪ ನನಗೆ ಕಲಿಸದ ಪಟ್ಟನ್ನು ಅವರ ಮೊಮ್ಮಗಳು ಕಲಿಸಿದಳು. ಮಂಡಿ ಎರಡು ದಿನ ನೋಯಿತು.