ವಿಡಿಯೊ ಸಂಕಲನ ತಂತ್ರಾಂಶದ ಆಯ್ಕೆ: 2011ರ ಮರುವಿನ್ಯಾಸ ಮತ್ತು ಶಿಕಾರಿಪುರ–ಸೊರಬ ಸೀಮೆ

ವಿಡಿಯೊ ಸಂಕಲನ ತಂತ್ರಾಂಶವು ಕ್ಯಾಮೆರಾ ಸೆರೆಹಿಡಿದ ದೃಶ್ಯ ಹಾಗೂ ಧ್ವನಿಯ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಆಯ್ದು, ಕತ್ತರಿಸಿ, ಒಂದರ ಮುಂದೊಂದು ಜೋಡಿಸಿ, ಅವಕ್ಕೆ ಅಕ್ಷರ, ಸಂಗೀತ, ಬಣ್ಣದ ತಿದ್ದುಪಡಿಗಳನ್ನು ಕೂಡಿಸಿ ಪೂರ್ಣ ಚಿತ್ರವಾಗಿ ಹೊರತರುವ ಸಾಧನ. ಇಂಥ ತಂತ್ರಾಂಶವೊಂದರ ರೂಪ ಹಠಾತ್ತನೆ ಬದಲಾದಾಗ, ಅದನ್ನೇ ನಂಬಿ ದುಡಿಯುವವರು ಹಳೆಯದರಲ್ಲೇ ಉಳಿಯಬೇಕೆ, ಹೊಸದನ್ನು ಮೊದಲಿನಿಂದ ಕಲಿಯಬೇಕೆ, ಇಲ್ಲವೆ ಬೇರೊಂದು ಕಂಪನಿಯ ತಂತ್ರಾಂಶಕ್ಕೆ ಹೋಗಬೇಕೆ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಅತ್ಯಂತ ತೀವ್ರವಾಗಿ ಎದ್ದದ್ದು 2011ರಲ್ಲಿ, ಆಪಲ್ ಕಂಪನಿ ತನ್ನ ಫೈನಲ್ ಕಟ್ ಪ್ರೊ ತಂತ್ರಾಂಶವನ್ನು ಬುಡದಿಂದ ಹೊಸದಾಗಿ ಬರೆದು ಬಿಡುಗಡೆ ಮಾಡಿದಾಗ. ಈ ಪ್ರಕರಣವನ್ನು ಹಾಲಿವುಡ್ಡಿನ ಮತ್ತು ದೊಡ್ಡ ವಾಹಿನಿಗಳ ದೃಷ್ಟಿಯಿಂದಲೇ ನೋಡುವ ರೂಢಿ ಇದೆ. ಆದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದಂಥ ತಾಲ್ಲೂಕು ಕೇಂದ್ರಗಳ ಒಂದು ಕೋಣೆಯ ಸ್ಟುಡಿಯೊಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ತಂತ್ರಾಂಶದ ಆಯ್ಕೆಯನ್ನು ವಿನ್ಯಾಸದ ಗುಣಕ್ಕಿಂತ ಹೆಚ್ಚಾಗಿ ಇರುವ ಯಂತ್ರ, ಹತ್ತಿರದಲ್ಲಿ ಹೇಳಿಕೊಡುವವರು ಮತ್ತು ಪರದೆಯ ಮೇಲೆ ಮೂಡಬೇಕಾದ ಕನ್ನಡದ ಅಕ್ಷರ ಇವೇ ನಿರ್ಧರಿಸುತ್ತ ಬಂದಿವೆ ಎಂಬುದು ಸ್ಪಷ್ಟವಾಗುತ್ತದೆ.

ಸಂಕಲನ ಎಂಬುದು ಮೂಲತಃ ಕೈಕೆಲಸ. ಫಿಲ್ಮಿನ ಕಾಲದಲ್ಲಿ ಸಂಕಲನಕಾರರು ಮೂವಿಯೋಲಾ ಅಥವಾ ಸ್ಟೀನ್‌ಬೆಕ್ ಯಂತ್ರದ ಮುಂದೆ ಕುಳಿತು ರೀಲನ್ನು ಕತ್ತರಿಸಿ ಅಂಟಿಸುತ್ತಿದ್ದರು. ತಪ್ಪೆನಿಸಿದರೆ ಬಿಚ್ಚಿ ಮತ್ತೆ ಅಂಟಿಸಬಹುದಿತ್ತು. ವಿಡಿಯೊ ಟೇಪು ಬಂದಾಗ ಈ ಸ್ವಾತಂತ್ರ್ಯ ಹೋಯಿತು. ಒಂದು ಯಂತ್ರದಲ್ಲಿ ಕ್ಯಾಸೆಟ್ ಓಡಿಸಿ ಇನ್ನೊಂದರಲ್ಲಿ ಬೇಕಾದ ಭಾಗವನ್ನಷ್ಟೇ ಅನುಕ್ರಮವಾಗಿ ದಾಖಲಿಸಿಕೊಳ್ಳುವ ಈ ಪದ್ಧತಿಯನ್ನು ರೇಖೀಯ ಸಂಕಲನ ಎನ್ನುತ್ತಾರೆ. ಇದರಲ್ಲಿ ನಡುವಿನ ಒಂದು ದೃಶ್ಯವನ್ನು ಉದ್ದ ಮಾಡಬೇಕಾದರೆ ಅದರ ಮುಂದಿನದನ್ನೆಲ್ಲ ಮತ್ತೆ ದಾಖಲಿಸಬೇಕಿತ್ತು, ಪ್ರತಿ ಸಲ ನಕಲು ತೆಗೆದಾಗಲೂ ಚಿತ್ರ ಮಸುಕಾಗುತ್ತಿತ್ತು. ವಿ.ಎಚ್.ಎಸ್. ಕ್ಯಾಸೆಟ್ಟಿನ ಕಾಲದ ಮದುವೆ ವಿಡಿಯೊಗಳು ತಯಾರಾದದ್ದು ಹೀಗೆ. ತುಣುಕುಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಎಲ್ಲಿ ಬೇಕಾದರೂ ಸೇರಿಸುವ, ತೆಗೆಯುವ ಅರೇಖೀಯ ಸಂಕಲನವನ್ನು ವೃತ್ತಿಪರ ಮಟ್ಟದಲ್ಲಿ ನೆಲೆಗೊಳಿಸಿದ್ದು 1989ರಲ್ಲಿ ಬಂದ ಆವಿಡ್ ಕಂಪನಿಯ ಮೀಡಿಯಾ ಕಂಪೋಸರ್. ಅದರ ಬೆಲೆ ದೊಡ್ಡ ಸಂಸ್ಥೆಗಳಿಗೆ ಮಾತ್ರ ನಿಲುಕುವಂತಿತ್ತು.

ಇಂಥ ಯಂತ್ರಗಳು ಬರುವ ಮೊದಲೇ ಶಿಕಾರಿಪುರ–ಸೊರಬದ ಭಾಗದಲ್ಲಿ ಸಂಕಲನವನ್ನು ಕಲೆಯಾಗಿ ನೋಡುವ ಅಭ್ಯಾಸಕ್ಕೆ ನೆಲೆ ದೊರೆತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಸೊರಬಕ್ಕೆ ಹೊಂದಿಕೊಂಡಿರುವ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ಕೆ.ವಿ. ಸುಬ್ಬಣ್ಣ ಅವರ ನೇತೃತ್ವದಲ್ಲಿ 1973ರಲ್ಲಿ ಚಿತ್ರಸಮಾಜವನ್ನು ಸ್ಥಾಪಿಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದೂರ್ ಅವರ ನೆರವಿನಿಂದ ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿತು. ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ಅಡಿಕೆ ತೋಟದ ಊರಿನ ಜನ ಕುಳಿತು ನೋಡಿ ಚರ್ಚಿಸಿದರು. ಒಂದು ದೃಶ್ಯ ಎಲ್ಲಿ ಕತ್ತರಿಸಿದರೆ ಏನು ಅರ್ಥ ಹುಟ್ಟುತ್ತದೆ ಎಂಬ ವಿವೇಚನೆ ತಂತ್ರಾಂಶಕ್ಕಿಂತ ಹಿರಿದು. ಯಾವ ಕಂಪನಿಯ ಮರುವಿನ್ಯಾಸವೂ ಅದನ್ನು ಕಸಿದುಕೊಳ್ಳಲಾರದು.

ವೈಯಕ್ತಿಕ ಕಂಪ್ಯೂಟರುಗಳಲ್ಲಿ ಸಂಕಲನ ಸಾಧ್ಯವಾದ ಕಥೆಯ ಹಲವು ತಿರುವುಗಳಲ್ಲಿ ರ‍್ಯಾಂಡಿ ಯುಬಿಲೋಸ್ ಎಂಬ ಒಬ್ಬನೇ ತಂತ್ರಜ್ಞ ಕಾಣಿಸಿಕೊಳ್ಳುತ್ತಾನೆ. 1991ರಲ್ಲಿ ಬಂದ ಅಡೋಬಿ ಪ್ರೀಮಿಯರ್‌ನ ಮೊದಲ ಆವೃತ್ತಿಗಳನ್ನು ರೂಪಿಸಿದವನು ಅವನೇ. ಬಳಿಕ ಮ್ಯಾಕ್ರೊಮೀಡಿಯಾ ಕಂಪನಿಯಲ್ಲಿ ಅವನ ತಂಡ ಆರಂಭಿಸಿದ ಹೊಸ ತಂತ್ರಾಂಶವನ್ನು ಆಪಲ್ ಕೊಂಡು, 1999ರಲ್ಲಿ ಫೈನಲ್ ಕಟ್ ಪ್ರೊ ಎಂಬ ಹೆಸರಿನಲ್ಲಿ ಹೊರತಂದಿತು. ಸಾಧಾರಣ ಕಂಪ್ಯೂಟರು, ಡಿಜಿಟಲ್ ಟೇಪಿನ ಕ್ಯಾಮೆರಾ ಮತ್ತು ಎರಡನ್ನೂ ಜೋಡಿಸುವ ಒಂದು ತಂತಿ ಇದ್ದರೆ ಸಾಕು ಎಂಬ ಸ್ಥಿತಿ ಬಂದದ್ದರಿಂದ ಸ್ವತಂತ್ರ ಚಿತ್ರಕಾರರು ಇದನ್ನು ಬೇಗ ಒಪ್ಪಿಕೊಂಡರು. ವಾಲ್ಟರ್ ಮರ್ಚ್ 2003ರ ‘ಕೋಲ್ಡ್ ಮೌಂಟನ್’ ಚಿತ್ರವನ್ನು ಇದರಲ್ಲೇ ಸಂಕಲಿಸಿದ ಮೇಲೆ ಹಾಲಿವುಡ್ಡಿನ ಅನುಮಾನವೂ ಕರಗಿತು. ಭಾರತದ ಚಲನಚಿತ್ರ ಮತ್ತು ಟಿ.ವಿ. ಸಂಕಲನ ಕೊಠಡಿಗಳಲ್ಲಿಯೂ ಇದು ಆವಿಡ್‌ಗೆ ಸಮವಾಗಿ ಬೆಳೆಯಿತು. 2009ರಲ್ಲಿ ಏಳನೆಯ ಆವೃತ್ತಿ ಬಂತು.

ಮುಂದೆ ಆಗಲಿದ್ದುದರ ಸೂಚನೆ 2007ರಲ್ಲಿಯೇ ಸಿಕ್ಕಿತ್ತು. ಹವ್ಯಾಸಿಗಳ ಐಮೂವಿ ತಂತ್ರಾಂಶವನ್ನು ಯುಬಿಲೋಸ್ ಹೊಸದಾಗಿ ಬರೆದು, ತುಣುಕುಗಳನ್ನು ಕಾಲಾನುಕ್ರಮದಲ್ಲಿ ಉದ್ದಕ್ಕೆ ಜೋಡಿಸಿ ತೋರಿಸುವ ಪರಿಚಿತ ಟೈಮ್‌ಲೈನನ್ನೇ ಕೈಬಿಟ್ಟಾಗ ಬಳಕೆದಾರರು ತೀವ್ರವಾಗಿ ಪ್ರತಿಭಟಿಸಿದರು, ಆಪಲ್ ಹಿಂದಿನ ಆವೃತ್ತಿಯನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಡಬೇಕಾಯಿತು. 2009ರಲ್ಲಿ ಮೈಕ್ರೊಸಾಫ್ಟ್ ಕೂಡ ತನ್ನ ಮೂವಿ ಮೇಕರನ್ನು ಅದೇ ರೀತಿ ಸರಳಗೊಳಿಸಿ ಹಳಬರ ಅಸಮಾಧಾನಕ್ಕೆ ಗುರಿಯಾಯಿತು.

2011ರ ಜೂನ್ 21ರಂದು 299.99 ಡಾಲರ್ ಬೆಲೆಗೆ ಬಿಡುಗಡೆಯಾದ ಫೈನಲ್ ಕಟ್ ಪ್ರೊ ಟೆನ್ ಹಿಂದಿನದರ ಮುಂದುವರಿಕೆಯಾಗಿರಲಿಲ್ಲ. ದೃಶ್ಯಕ್ಕೆ ಕೆಲವು, ಧ್ವನಿಗೆ ಕೆಲವು ಎಂದು ಒಂದರ ಮೇಲೊಂದು ಸಾಲಾಗಿರುವ ಟ್ರ್ಯಾಕುಗಳ ಪದ್ಧತಿಯನ್ನು ತೆಗೆದು, ಮ್ಯಾಗ್ನೆಟಿಕ್ ಟೈಮ್‌ಲೈನ್ ಎಂಬ ಹೊಸ ವ್ಯವಸ್ಥೆಯನ್ನು ಅದರಲ್ಲಿ ತರಲಾಗಿತ್ತು. ಇಲ್ಲಿ ಮುಖ್ಯ ಕಥೆಯ ತುಣುಕುಗಳು ಒಂದೇ ಸಾಲಿನಲ್ಲಿರುತ್ತವೆ, ಮಿಕ್ಕವು ಆ ಸಾಲಿಗೆ ಅಂಟಿಕೊಂಡಿರುತ್ತವೆ. ನಡುವಿನ ಒಂದನ್ನು ತೆಗೆದರೆ ಉಳಿದವು ತಾವಾಗಿಯೇ ಸರಿದು ಖಾಲಿ ಜಾಗವನ್ನು ಮುಚ್ಚುತ್ತವೆ. ಇದು ನಿಜಕ್ಕೂ ಮೌಲಿಕವಾದ ಆಲೋಚನೆ, ವೇಗವಾಗಿ ಕೆಲಸ ಮಾಡುವವರಿಗೆ ಅನುಕೂಲವಾದದ್ದು ಕೂಡ. ಆದರೆ ಮೊದಲ ಆವೃತ್ತಿಯಲ್ಲಿ ಹಲವು ಕ್ಯಾಮೆರಾಗಳ ಚಿತ್ರಣವನ್ನು ಒಟ್ಟಿಗೆ ಹೊಂದಿಸಿ ಕತ್ತರಿಸುವ ಸೌಲಭ್ಯ ಇರಲಿಲ್ಲ. ಧ್ವನಿ ಸ್ಟುಡಿಯೊಗೂ ಬಣ್ಣ ತಿದ್ದುವವರಿಗೂ ಕೆಲಸವನ್ನು ದಾಟಿಸಲು ಬೇಕಾದ, ಯಾವ ತುಣುಕು ಎಲ್ಲಿಂದ ಎಲ್ಲಿಯವರೆಗೆ ಎಂದು ವಿವರಿಸುವ ವಿನಿಮಯ ಕಡತಗಳನ್ನು ಅದು ಹೊರಡಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಏಳನೆಯ ಆವೃತ್ತಿಯಲ್ಲಿ ಮಾಡಿಟ್ಟ ಹಳೆಯ ಪ್ರಾಜೆಕ್ಟುಗಳು ಇದರಲ್ಲಿ ತೆರೆಯುತ್ತಲೇ ಇರಲಿಲ್ಲ. ಏಳನೆಯ ಆವೃತ್ತಿಯ ಮಾರಾಟವೂ ಅದೇ ಹೊತ್ತಿಗೆ ನಿಂತುಹೋಯಿತು.

ಟ್ರ್ಯಾಕ್ ತೆಗೆದದ್ದಕ್ಕಿಂತ ಸೇತುವೆ ಕಡಿದದ್ದೇ ಈ ಪ್ರಕರಣದ ಮೂಲ ದೋಷ ಎನ್ನಬೇಕು. ಹೊಸದನ್ನು ಕಲಿಯಲು ಸಂಕಲನಕಾರರು ಸಿದ್ಧರಿರುತ್ತಾರೆ, ಆದರೆ ಅರ್ಧಕ್ಕೆ ನಿಂತ ಚಿತ್ರವನ್ನು ಕೈಯಲ್ಲಿ ಹಿಡಿದು ಕಲಿಯಲಾಗುವುದಿಲ್ಲ. ಆಪಲ್ ಕೆಲವು ಗ್ರಾಹಕರಿಗೆ ಹಣ ಹಿಂದಿರುಗಿಸಿತು, ಕೆಲವೇ ತಿಂಗಳಲ್ಲಿ ಏಳನೆಯ ಆವೃತ್ತಿಯನ್ನು ಸೀಮಿತವಾಗಿ ಮತ್ತೆ ಮಾರಿತು, ಸೆಪ್ಟೆಂಬರಿನಲ್ಲಿ ವಿನಿಮಯ ಕಡತದ ಸೌಲಭ್ಯವನ್ನೂ 2012ರ ಜನವರಿಯಲ್ಲಿ ಬಹುಕ್ಯಾಮೆರಾ ಸಂಕಲನವನ್ನೂ ಸೇರಿಸಿತು. ಅಷ್ಟರಲ್ಲಿ ಅಡೋಬಿ ಮತ್ತು ಆವಿಡ್ ಕಂಪನಿಗಳು ವಲಸೆ ಬರುವವರಿಗೆ ರಿಯಾಯಿತಿ ಘೋಷಿಸಿ ಬಾಗಿಲು ತೆರೆದಿದ್ದವು. ಹಳೆಯ ಫೈನಲ್ ಕಟ್ಟಿನ ಟ್ರ್ಯಾಕುಗಳಿಗೆ ಹತ್ತಿರವಾಗಿದ್ದ ಪ್ರೀಮಿಯರ್ ಪ್ರೊಗೆ ದೊಡ್ಡ ಪಾಲು ಹೋಯಿತು. 2010ರ ‘ದ ಸೋಷಿಯಲ್ ನೆಟ್‌ವರ್ಕ್’ ಚಿತ್ರವನ್ನು ಫೈನಲ್ ಕಟ್ಟಿನಲ್ಲಿ ಸಂಕಲಿಸಿದ್ದ ಡೇವಿಡ್ ಫಿಂಚರ್ ಬಳಗ 2014ರ ‘ಗಾನ್ ಗರ್ಲ್’ ಚಿತ್ರವನ್ನು ಪ್ರೀಮಿಯರ್‌ನಲ್ಲಿ ಮಾಡಿತು. ಇನ್ನು ಕೆಲವರು ಎಲ್ಲಿಗೂ ಹೋಗಲಿಲ್ಲ: 2019ರ ಕೊರಿಯನ್ ಚಿತ್ರ ‘ಪ್ಯಾರಸೈಟ್’ ಸಂಕಲನಗೊಂಡದ್ದು ಹತ್ತು ವರ್ಷ ಹಳೆಯದಾಗಿದ್ದ ಏಳನೆಯ ಆವೃತ್ತಿಯಲ್ಲಿಯೇ.

ಶಿಕಾರಿಪುರ ಮತ್ತು ಸೊರಬದಂಥ ಊರುಗಳಿಗೆ ಈ ಬಿರುಗಾಳಿ ನೇರವಾಗಿ ಬೀಸದಿರಲು ಕಾರಣ ಸರಳವಾಗಿದೆ. ಫೈನಲ್ ಕಟ್ ಓಡುವುದು ಆಪಲ್ ಕಂಪ್ಯೂಟರಿನಲ್ಲಿ ಮಾತ್ರ; ತಾಲ್ಲೂಕು ಮಟ್ಟದ ಸ್ಟುಡಿಯೊಗಳಲ್ಲಿ ಇದ್ದದ್ದು ಬಿಡಿಭಾಗಗಳನ್ನು ತಂದು ಜೋಡಿಸಿದ, ಕೆಟ್ಟರೆ ಶಿವಮೊಗ್ಗದಲ್ಲಿ ರಿಪೇರಿಯಾಗುವ ವಿಂಡೋಸ್ ಯಂತ್ರ. ಮದುವೆ ವಿಡಿಯೊ ಮಾಡುವ ಭಾರತದ ಸ್ಟುಡಿಯೊಗಳಲ್ಲಿ ವ್ಯಾಪಕವಾಗಿ ಬೇರೂರಿದ್ದು ಎಡಿಯಸ್. ಜಪಾನಿನ ಕೋಬೆ ನಗರದ ಕ್ಯಾನೊಪಸ್ ಕಂಪನಿ ಇದನ್ನು ರೂಪಿಸಿತು. 2005ರಲ್ಲಿ ಆ ಕಂಪನಿಯನ್ನು ಥಾಮ್ಸನ್ ಕೊಂಡ ಮೇಲೆ ಇದು ಗ್ರಾಸ್ ವ್ಯಾಲಿ ಹೆಸರಿನಲ್ಲಿ ಮುಂದುವರಿಯಿತು. ಬೇರೆ ಬೇರೆ ಕ್ಯಾಮೆರಾಗಳ, ಬೇರೆ ಬೇರೆ ಬಗೆಯ ಕಡತಗಳನ್ನು ಪರಿವರ್ತಿಸದೆ ಒಂದೇ ಟೈಮ್‌ಲೈನಿಗೆ ಹಾಕಿ ಒಡನೆಯೇ ಓಡಿಸಿ ನೋಡಬಹುದಾದದ್ದು ಇದರ ದೊಡ್ಡ ಗುಣ. ಒಬ್ಬರ ಹ್ಯಾಂಡಿಕ್ಯಾಮ್, ಇನ್ನೊಬ್ಬರ ಡಿ.ಎಸ್.ಎಲ್.ಆರ್. ಸೇರಿಸಿ ಧಾರೆ, ಆರತಕ್ಷತೆಗಳನ್ನು ಚಿತ್ರಿಸುವಲ್ಲಿ ಇದಕ್ಕಿಂತ ಬೇಕಾದದ್ದು ಬೇರೆ ಇರಲಿಲ್ಲ. ಆವೃತ್ತಿಯಿಂದ ಆವೃತ್ತಿಗೆ ಎಡಿಯಸ್ ತನ್ನ ಟ್ರ್ಯಾಕುಗಳ ರೂಪವನ್ನು ಉಳಿಸಿಕೊಂಡದ್ದೂ ಮುಖ್ಯ. ಮಾಂಗಲ್ಯಧಾರಣೆಯ ದೃಶ್ಯಕ್ಕೆ ಹೂ ಸುರಿಯುವ, ವಧೂವರರ ಫೋಟೊ ತಿರುಗುವ ಸಿದ್ಧ ಪ್ರಾಜೆಕ್ಟುಗಳನ್ನು ಸ್ಟುಡಿಯೊಗಳು ಕೂಡಿಟ್ಟುಕೊಂಡಿರುತ್ತವೆ; ಅವೇ ಅವುಗಳ ಬಂಡವಾಳ, ತಂತ್ರಾಂಶ ಬದಲಾದರೆ ಅದಷ್ಟೂ ವ್ಯರ್ಥ. ಜೊತೆಗೆ, ಮದುವೆಯ ಹಂಗಾಮಿನಲ್ಲಿ ಹೊಸದನ್ನು ಕಲಿಯಲು ಬಿಡುವು ಇರುವುದಿಲ್ಲ, ಮುಹೂರ್ತಗಳಿಲ್ಲದ ಆಷಾಢದಂಥ ತಿಂಗಳುಗಳೇ ಅದಕ್ಕೆ ಒದಗುವ ಕಾಲ.

ಆಯ್ಕೆಯನ್ನು ನಿರ್ಧರಿಸಿದ ಇನ್ನೊಂದು ಅಂಶ ಕನ್ನಡ ಲಿಪಿ. ಶಿಕಾರಿಪುರದ ಮದುವೆಯ ವಿಡಿಯೊ ‘ಶ್ರೀ ಹುಚ್ಚರಾಯಸ್ವಾಮಿ ಪ್ರಸನ್ನ’ ಎಂದೂ ಸೊರಬ ಕಡೆಯದು ಚಂದ್ರಗುತ್ತಿಯ ರೇಣುಕಾಂಬೆಯ ಹೆಸರಿನಿಂದಲೂ ಆರಂಭವಾಗಬೇಕಾದಾಗ, ಒತ್ತಕ್ಷರವಿಲ್ಲದ ಒಂದು ಸಾಲೂ ಸಿಗುವುದಿಲ್ಲ. ವಿದೇಶದಲ್ಲಿ ತಯಾರಾದ ಸಂಕಲನ ತಂತ್ರಾಂಶಗಳು ಬಹುಕಾಲ ಯೂನಿಕೋಡ್ ಕನ್ನಡವನ್ನು, ಎಂದರೆ ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಸಂಕೇತ ಪದ್ಧತಿಯಲ್ಲಿ ಬರೆದ ಕನ್ನಡವನ್ನು, ಸರಿಯಾಗಿ ಜೋಡಿಸದೆ ಒತ್ತನ್ನು ಕೆಳಗಿಡುವ ಬದಲು ಹಲಂತವಾಗಿ ಬಿಡಿಸಿ ತೋರಿಸುತ್ತಿದ್ದವು. ಇದಕ್ಕೆ ಸ್ಟುಡಿಯೊಗಳು ಕಂಡುಕೊಂಡ ದಾರಿ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಗಳು. ಇವುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಇಟ್ಟಿರುವುದರಿಂದ, ಕನ್ನಡದ ಅರಿವೇ ಇಲ್ಲದ ತಂತ್ರಾಂಶವೂ ಅವನ್ನು ಸರಿಯಾಗಿ ಮೂಡಿಸುತ್ತದೆ. ಮೊದಲು ನುಡಿಯಲ್ಲಿ ಟೈಪಿಸಿ, ನಕಲಿಸಿ, ಸಂಕಲನ ತಂತ್ರಾಂಶದ ಟೈಟಲಿನಲ್ಲಿ ಅಂಟಿಸುವ ಈ ಕ್ರಮ ಇಂದಿಗೂ ಪೂರ್ತಿ ಹೋಗಿಲ್ಲ. ಪ್ರೀಮಿಯರ್ ಪ್ರೊ ಈಚಿನ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಪ್ರತ್ಯೇಕ ಆಯ್ಕೆಯನ್ನು ಕೊಟ್ಟದ್ದು, ಸಣ್ಣದೆಂದು ಕಂಡರೂ, ಕನ್ನಡದ ಮಟ್ಟಿಗೆ ಯಾವ ಹೊಸ ಟೈಮ್‌ಲೈನಿಗಿಂತಲೂ ದೊಡ್ಡ ಸುಧಾರಣೆ.

2013ರಲ್ಲಿ ಅಡೋಬಿ ತನ್ನ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ತಂದಿತು. ಒಮ್ಮೆ ಕೊಂಡು ವರ್ಷಗಟ್ಟಲೆ ಬಳಸುವುದು ತಪ್ಪಿ, ತಿಂಗಳಿಂದ ತಿಂಗಳಿಗೆ ಹಣ ಕಟ್ಟುವುದು ಕಡ್ಡಾಯವಾಯಿತು. ಆಪಲ್‌ನಿಂದ ಓಡಿಬಂದವರಿಗೆ ಇದು ಎರಡನೆಯ ಪೆಟ್ಟು. ಆರು ತಿಂಗಳು ಸಂಪಾದನೆ, ಆರು ತಿಂಗಳು ಬಿಡುವು ಎಂಬಂತೆ ನಡೆಯುವ ಸಣ್ಣ ಸ್ಟುಡಿಯೊಗಳಿಗಂತೂ ಹೊಂದದ ಲೆಕ್ಕ. ಈ ಅಂತರದಲ್ಲಿ ಬೆಳೆದದ್ದು ಡಾವಿಂಚಿ ರಿಸಾಲ್ವ್. ಮೂಲತಃ ಬಣ್ಣ ತಿದ್ದುವ ದುಬಾರಿ ವ್ಯವಸ್ಥೆಯಾಗಿದ್ದ ಇದನ್ನು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ 2009ರಲ್ಲಿ ಕೊಂಡು, 2011ರಲ್ಲಿ ಉಚಿತ ಆವೃತ್ತಿಯನ್ನು ಹೊರತಂದು, ಕ್ರಮೇಣ ಸಂಕಲನವನ್ನೂ ಧ್ವನಿಯ ಕೆಲಸವನ್ನೂ ಅದರಲ್ಲೇ ಸೇರಿಸಿತು. ಆದರೆ ಅದು ಕೇಳುವ ಶಕ್ತಿಶಾಲಿ ಗ್ರಾಫಿಕ್ಸ್ ಕಾರ್ಡು ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ತಂತ್ರಾಂಶ ಉಚಿತವಾದರೂ ಯಂತ್ರಕ್ಕೆ ಹಣ ಬೇಕು.

ಸ್ಮಾರ್ಟ್‌ಫೋನು ಈ ಲೆಕ್ಕವನ್ನೇ ಬುಡಮೇಲು ಮಾಡಿತು. ದೀಪಾವಳಿಯಿಂದ ಆರಂಭವಾಗಿ ತಿಂಗಳುಗಟ್ಟಲೆ ಶಿಕಾರಿಪುರ, ಸೊರಬ ಮತ್ತು ನೆರೆಯ ಹಾವೇರಿ ಜಿಲ್ಲೆಯ ಊರುಗಳಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ, ಬಲೂನು, ಜೂಲಗಳಿಂದ ಸಿಂಗರಿಸಿ ಕೊರಳಿಗೆ ಕೊಬ್ಬರಿ ಕಟ್ಟಿದ ಹೋರಿಗಳು ಜನಸಂದಣಿಯ ನಡುವೆ ನುಗ್ಗಿ ಓಡುತ್ತವೆ. ಒಂದೊಂದು ಹೋರಿಗೂ ಒಂದು ಹೆಸರು, ಅದರ ಹಿಂದೆ ಅಭಿಮಾನಿ ಬಳಗ. ಹೋರಿ ಓಡುವ ಕೆಲವೇ ಕ್ಷಣಗಳನ್ನು ನಿಧಾನಗತಿಗೆ ತಂದು, ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ಹಾಡು ಕೂಡಿಸಿ ಯೂಟ್ಯೂಬಿಗೂ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಹಾಕುವ ಯುವಕರು ಕೈನ್‌ಮಾಸ್ಟರ್‌ನಂಥ ಮೊಬೈಲ್ ತಂತ್ರಾಂಶಗಳನ್ನು ಬಳಸುತ್ತಾರೆ. ಫೋನಿನ ವ್ಯವಸ್ಥೆಯೇ ಯೂನಿಕೋಡ್ ಕನ್ನಡವನ್ನು ಅರಿತಿರುವುದರಿಂದ ಅಲ್ಲಿ ಒತ್ತಕ್ಷರದ ತೊಡಕು ಬಹುತೇಕ ನೀಗಿದೆ. ಸಂಕಲನವನ್ನು ಯಾರ ಕೈಕೆಳಗೂ ಕಲಿಯದ ಈ ಹುಡುಗರ ಲಯಜ್ಞಾನ ಕಡೆಗಣಿಸುವಂಥದ್ದಲ್ಲ. 2022ರಲ್ಲಿ ತೆರೆಕಂಡ ‘ಕೆ.ಜಿ.ಎಫ್. ಚಾಪ್ಟರ್ 2’ ಚಿತ್ರದ ಸಂಕಲನಕಾರ ಉಜ್ವಲ್ ಕುಲಕರ್ಣಿ ಅಭಿಮಾನಿ ವಿಡಿಯೊಗಳನ್ನು ಕತ್ತರಿಸುತ್ತಲೇ ಬೆಳೆದವರು.

ಮೊಬೈಲಿನ ಆಯ್ಕೆಯೂ ಬಳಕೆದಾರರ ಕೈಯಲ್ಲೇ ಪೂರ್ತಿ ಉಳಿಯಲಿಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಟಿಕ್‌ಟಾಕ್ ಜೊತೆಗೆ ಸಂಕಲನದ ವಿವಾವಿಡಿಯೊ ಕೂಡ ಸೇರಿತ್ತು. ಅದನ್ನು ರೂಢಿಸಿಕೊಂಡಿದ್ದವರು ಬೇರೆಯದಕ್ಕೆ ಹೋಗಬೇಕಾಯಿತು. ಇತ್ತ ಆಪಲ್ 2020ರ ನವೆಂಬರಿನಲ್ಲಿ ‘ಟೆನ್’ ಎಂಬ ಸಂಖ್ಯೆಯನ್ನು ಹೆಸರಿನಿಂದ ಕೈಬಿಟ್ಟು ತಂತ್ರಾಂಶವನ್ನು ಮತ್ತೆ ಫೈನಲ್ ಕಟ್ ಪ್ರೊ ಎಂದಷ್ಟೇ ಕರೆಯಿತು, 2023ರಲ್ಲಿ ಅದನ್ನು ಐಪ್ಯಾಡಿಗೂ ತಂದಿತು. ಏಳನೆಯ ಆವೃತ್ತಿ 2017ರ ಹೈ ಸಿಯೆರಾ ಮತ್ತು ಅದರ ನಂತರದ ಆಪಲ್ ವ್ಯವಸ್ಥೆಗಳಲ್ಲಿ ಓಡುವುದಿಲ್ಲ. ಅದರಲ್ಲಿ ಉಳಿಯಬಯಸುವವರು ಹಳೆಯ ಕಂಪ್ಯೂಟರನ್ನೂ ಹಾಗೆಯೇ ಉಳಿಸಿಕೊಳ್ಳಬೇಕು.