ಸಹಾಯಧನ: ಪದದ ಅರ್ಥ ಮತ್ತು ಬಳಕೆ

‘ಸಬ್ಸಿಡಿ’ಗೆ ಕನ್ನಡದಲ್ಲಿ ರೂಢಿಗೊಂಡ ಪದ ‘ಸಹಾಯಧನ’. ಬೆಲೆಯಲ್ಲಾಗಲಿ ಸಾಲದ ಹೊರೆಯಲ್ಲಾಗಲಿ ಒಂದು ಪಾಲನ್ನು ಸರ್ಕಾರ ಭರಿಸುವುದೇ ಇದರ ತಾತ್ಪರ್ಯ. ‘ಅನುದಾನ’ವು ಸಂಸ್ಥೆಗೋ ಯೋಜನೆಗೋ ಮಂಜೂರಾಗುವ ಹಣ, ‘ಅನುದಾನಿತ ಶಾಲೆ’ ಎಂಬಲ್ಲಿ ಇದೇ ಅರ್ಥ. ಮರಾಠಿ, ಹಿಂದಿಗಳಲ್ಲಿ ‘ಅನುದಾನ’ ಎರಡಕ್ಕೂ ಸಲ್ಲುವುದರಿಂದ ಹೊರನಾಡಿನ ನಾವು ಸಂದರ್ಭವರಿತು ಅರ್ಥೈಸಬೇಕು.

‘ಸಾಲ ಮನ್ನಾ’ ಇವೆರಡರಿಂದಲೂ ಭಿನ್ನ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ನಿಯಮದಂತೆ ಯೋಜನಾ ವೆಚ್ಚದ ಶೇ. 15ರಿಂದ 35ರಷ್ಟು ಸಹಾಯಧನವುಂಟು. ಅದು ನೇರವಾಗಿ ಸಾಲಗಾರರ ಕೈಸೇರದು. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಹಾಯಧನವನ್ನು ಮನ್ನಾ ಎಂದು ಭಾವಿಸಿ ಕಂತು ನಿಲ್ಲಿಸಿದವರು ಸುಸ್ತಿದಾರರಾಗುತ್ತಾರೆ. ಆದುದರಿಂದ ಮಂಜೂರಾತಿ ಪತ್ರದಲ್ಲಿರುವ ಪದವನ್ನು ಸಹಿಗೆ ಮೊದಲೇ ಗಮನಿಸುವುದು ಒಳಿತು.